ಹದಿನಾಲ್ಕನೇ ನಂಬರಿನ ಗಾಜು

ಎಲ್ಕಿ ಕಣಿವೆಯಲ್ಲಿ ಜುಲೈ ಎಂದರೆ ಚಳಿಗಾಲ.
ದ್ರಾಕ್ಷಿ ಬಳ್ಳಿಗೆ ಎಲೆಯಿಲ್ಲ, ಬರೀ ಗಂಟು.
ಪೇಟೆಯಲ್ಲಿ ಗ್ರಹಣದ ಕನ್ನಡಕ ಮುಗಿದು ಮೂರು ದಿನ.
ಹನ್ನೊಂದು ಜನಕ್ಕೆ ನಮ್ಮಲ್ಲಿದ್ದದ್ದು ಒಂದೇ,
ಅದರ ಒಂದು ಕಿವಿಯನ್ನೂ ನಾಯಿ ತಿಂದಿತ್ತು.

ಗಾಜು ಇರುವುದು ನೋಲ್ಬೆರ್ತೋನ ಹತ್ತಿರ ಎಂದು
ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡಲಿಲ್ಲ.
ಗೇಟು, ನೇಗಿಲು, ಟ್ರ್ಯಾಕ್ಟರಿನ ಮುರಿದ ಮೂಗು
ಎಲ್ಲವನ್ನೂ ಬೆಸೆಯುವವನು.
ಅವನ ಹದಿನಾಲ್ಕನೇ ನಂಬರಿನ ಗಾಜು
ಸೂರ್ಯನನ್ನು ಅಂಗಿಯ ಗುಂಡಿಯಷ್ಟು ಮಾಡುತ್ತದಂತೆ,
ಹಸಿರು ಗುಂಡಿ.
ಆದರೆ ಅವನಿಗೂ ಅಪ್ಪನಿಗೂ ಮಾತು ನಿಂತು ಆರು ವರ್ಷ.
ಕಾಲುವೆಯ ನೀರಿನ ಸರದಿ. ಒಂದು ರಾತ್ರಿ. ಅರ್ಧ ಗಂಟೆಯ ನೀರು.
ತೂಬಿನ ಹಲಗೆ ಎತ್ತಿದವರು ಯಾರೆಂದು
ಇಬ್ಬರ ಹೆಂಡಿರೂ ಕೇಳುವುದನ್ನು ಬಿಟ್ಟಿದ್ದರು.

ನಾಲ್ಕಕ್ಕೆ ಓರ್ತೆನ್ಸಿಯಾ ಅತ್ತೆ
ಶಾವಿಗೆ ಬಸಿಯುವ ಜರಡಿಯನ್ನು ಬಿಸಿಲಿಗೆ ಹಿಡಿದಳು.
"ಮೇಲಲ್ಲ, ಇಲ್ಲಿ, ಇಲ್ಲಿ ನೋಡಿ!"
ಮೇಜಿನ ಬಟ್ಟೆಯ ಮೇಲೆ ನೂರು ಸೂರ್ಯರು,
ಒಂದೊಂದರಲ್ಲೂ ಯಾರೋ ಕಚ್ಚಿದ ಗುರುತು.
ಮಕ್ಕಳು ಬೆರಳಿಟ್ಟು ಎಣಿಸಿದರು.
ಅಪ್ಪ ಮಾತ್ರ, "ಮೇಜು ನೋಡಲು
ಅರವತ್ತೆಂಟು ವರ್ಷ ಕಾಯಲಿಲ್ಲ ನಾನು" ಅಂದ.

ಆಗ ಬೇಲಿಯಾಚೆ ಒಂದು ಕೆಮ್ಮು.
ನೋಲ್ಬೆರ್ತೋ. ಕಿಡಿ ಬಿದ್ದು ತೂತಾದ ಅಂಗಿ,
ಕರವಸ್ತ್ರದಲ್ಲಿ ಸುತ್ತಿದ ಗಾಜು.
ಯಾರ ಮುಖವನ್ನೂ ನೋಡದೆ ನಮ್ಮ ನಾಯಿಗೆ ಹೇಳಿದ:
"ಬೇಕಾದವರು ಬಳಸಬಹುದು."
ಅಪ್ಪ ಅದೇ ನಾಯಿಗೆ ಉತ್ತರ ಕೊಟ್ಟ:
"ಬೇಕಾದವರು ಒಳಗೂ ಬರಬಹುದು. ಗೇಟು ತೆರೆದೇ ಇದೆ."
ಆ ಗೇಟು, ಅಂದಹಾಗೆ, ಅವನೇ ಬೆಸೆದದ್ದು.

ಗಾಜು ಕೈಯಿಂದ ಕೈಗೆ. ನನ್ನ ಸರದಿ, ನಿನ್ನ ಸರದಿ.
ಸರದಿ ಎಂಬ ಮಾತು ಬಂದಾಗಲೆಲ್ಲ
ಅಮ್ಮ ಕುರ್ಚಿ ಎಳೆದು ಸದ್ದು ಮಾಡುತ್ತಿದ್ದಳು.
ಕರಿದ ಸೊಪೈಪಿಯಾ ತಟ್ಟೆಯಲ್ಲೇ ತಣ್ಣಗಾಯಿತು.
ಬಿಸಿಲು ಬಿಸಿಲೇ, ಆದರೆ ಹಳತಾದ ಬಿಸಿಲು,
ತವರದ ತಟ್ಟೆಯ ಬಣ್ಣ.
ಕರೆಯದೆಯೇ ಮೇಕೆಗಳು ಸಾಲಾಗಿ ದೊಡ್ಡಿಗೆ ನಡೆದವು.
ಕಡಲ ಕಡೆಯ ಗುಡ್ಡ ಮೊದಲು ಹೋಯಿತು,
ಆಮೇಲೆ ಗೇಟು,
ಆಮೇಲೆ ನಾವು.

"ಗಾಜು ತೆಗೀರಿ! ಈಗ ಬರಿಗಣ್ಣಲ್ಲಿ!" ಗಾಸ್ಪಾರ್ ಕೂಗಿದ,
ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

ಎರಡು ನಿಮಿಷ, ಮೇಲೆ ಚಿಲ್ಲರೆ.
ಉಂಗುರ ಎಂದರು ಆಮೇಲೆ ಕೆಲವರು, ಬಾವಿಯ ಬಾಯಿ ಎಂದರು.
ನನಗೆ ಕಂಡದ್ದು ಒಂದು ಮುಚ್ಚಿದ ಬಾಗಿಲು,
ಒಳಗೆ ಯಾರೋ ದೀಪ ಹಚ್ಚಿಕೊಂಡು ಕೂತಿದ್ದಾರೆ,
ಸಂದಿಯಿಂದ ಬೆಳಕು ಸುತ್ತಲೂ ಸೋರುತ್ತಿದೆ.
ಹತ್ತಿರದಲ್ಲೇ ಶುಕ್ರ. ಯಾವ ದಿಕ್ಕಿಗೆ ತಿರುಗಿದರೂ ಸಂಜೆ.
ಅತ್ತೆ ಜರಡಿಯನ್ನು ಎದೆಗವಚಿ ನಿಂತಿದ್ದಳು.

ಆ ಕತ್ತಲಲ್ಲಿ ಅಪ್ಪನ ದನಿ, ಮೆಲ್ಲಗೆ:
"ಹಲಗೆ ಎತ್ತಿದ್ದು ನಾನೇ."
ತುಸು ತಡೆದು ನೋಲ್ಬೆರ್ತೋ:
"ಗೊತ್ತು ಮಾರಾಯ. ಈಗ ಸುಮ್ಮನಿರು, ನೋಡೋಣ."

ಅಂಚಿನಲ್ಲಿ ಒಂದು ಮಣಿ ಬೆಳಕು.
ಹುಂಜ ನಾಚಿಕೆಯಿಲ್ಲದೆ ಕೂಗಿತು.
ದೊಡ್ಡಿಯ ಬಾಗಿಲಲ್ಲಿ ಮೇಕೆಗಳು ನಿಂತು
ಇಷ್ಟೇನಾ ರಾತ್ರಿ ಎಂಬಂತೆ ನಮ್ಮನ್ನು ನೋಡಿದವು.

ಹಿಡಿದದ್ದು ಬಿಡುತ್ತದೆ, ನಿಜ.
ಪೂರ್ತಿ ಬಿಡಲು ಇನ್ನೂ ಒಂದು ಗಂಟೆ ಬೇಕಿತ್ತು,
ಅಷ್ಟರಲ್ಲಿ ಕಚ್ಚಿದ ಗುರುತಿನ ಸಮೇತ
ಸೂರ್ಯ ಗುಡ್ಡದ ಹಿಂದೆ ಇಳಿದ.
ಬಿಟ್ಟದ್ದನ್ನು ನಾವು ನೋಡಲಿಲ್ಲ.

ಮುಂದಿನ ಗುರುವಾರ ಕಾಲುವೆಯ ಮೇಲೆ
ಇಬ್ಬರೂ ಗಂಟಲು ಹರಿಯುವ ಹಾಗೆ ಜಗಳವಾಡಿದರು,
ಈ ಸಲ ನಾಯಿಯನ್ನು ನಡುವೆ ತರದೆ.

ಗಾಜು ಈಗಲೂ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ.
ಅವನು ಕೇಳಿಲ್ಲ.
ಕೊಟ್ಟು ಬರುತ್ತೇನೆ ಎಂದು
ಅಪ್ಪ ಆಗಾಗ ಸಂಜೆ ಟೋಪಿ ಹಾಕಿಕೊಂಡು ಹೊರಡುತ್ತಾನೆ,
ಗಾಜು ಮರೆತು.